ಜನವರಿಯ ನೆಲ

ಪಿಕರಿಂಗ್
೧೮ ಮೇ ೨೦೨೫

ಪ್ರೀತಿಯ ತಂಗಿ ಗುರುಬಸವ್ವನಿಗೆ,

ನಿನ್ನ ಅಕ್ಕ ನೀಲಾಂಬಿಕಾಳ ಶರಣು. ನಾವಿಲ್ಲಿ ಕ್ಷೇಮ ಎಂದು ಬರೆಯಲು ಹೋಗಿ ‘ನಾವು’ ಎಂಬುದನ್ನು ಹೊಡೆದುಹಾಕಿದೆ. ನಾನು ಕ್ಷೇಮ. ಗುಳೇದಗುಡ್ಡದಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಮಾರ್ಚಿನಲ್ಲೇ ಮುಟ್ಟಿತು, ಕಾಗದವೂ ಮುಟ್ಟಿತು. ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಸಿಟ್ಟಾಗಬೇಡ. ಫೋನು ಮಾಡಿದರೆ ನಿನ್ನ ಸೊಸೆ ಸ್ಪೀಕರ್ ಹಾಕುತ್ತಾಳೆ, ಮನೆಮಂದಿಯೆಲ್ಲ ಕೇಳುತ್ತಾರೆ. ಇದು ನಿನಗೊಬ್ಬಳಿಗೇ ಹೇಳುವ ಮಾತು.

ನಮ್ಮ ಮನೆಯವರು, ನಿನ್ನ ಮಾವ, ಹೋದ ಸುದ್ದಿ ಹೇಳಿದ ದಿನ ನೀನು ಒಂದೇ ಪ್ರಶ್ನೆ ಕೇಳಿದ್ದೆ. “ಕೂಡಿಸಿದ್ರೇನ ಅಕ್ಕಾ?” ಎಂದಿದ್ದೆ. ಲೈನು ಸರಿಯಿಲ್ಲ ಎಂದು ಫೋನು ಇಟ್ಟುಬಿಟ್ಟೆ. ಲೈನು ಸರಿಯಾಗಿಯೇ ಇತ್ತು. ನಮ್ಮ ಅಪ್ಪನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗ ಕೊಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಟ್ಟೆವಲ್ಲ, ಹಾಗೆ ನಿನ್ನ ಮಾವನಿಗೆ ಆಗಲಿಲ್ಲ. ಅವರನ್ನು ಮಲಗಿಸಿ ಸುಟ್ಟೆವು.

ಯಾಕೆ ಎಂದು ಹೇಳಬೇಕಾದರೆ ಒಬ್ಬ ಬಿಷಪ್ಪನ ಕಥೆಯಿಂದ ಶುರುಮಾಡಬೇಕು. ನಗಬೇಡ.

ರಿಟೈರ್ ಆದ ಮೇಲೆ ಇವರಿಗೆ ಲೈಬ್ರರಿಯ ಹುಚ್ಚು ಹಿಡಿದಿತ್ತು. ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಓದಿದ್ದನ್ನು ಹೇಳುತ್ತಿದ್ದರು. ಸಾವಿರದ ಮುನ್ನೂರು ವರ್ಷದ ಹಿಂದೆ ಫ್ರಾನ್ಸ್ ದೇಶದ ಒಸೇರ್ ಎಂಬ ಊರಿನಲ್ಲಿ ಸವಾರಿಕ್ ಎಂಬ ಬಿಷಪ್ ಇದ್ದನಂತೆ. ದೊಡ್ಡ ಮನೆತನದವನು. ದೇವರ ಕೆಲಸಕ್ಕೆಂದು ಪೀಠ ಹತ್ತಿದವನಿಗೆ ನೆಲದ ರುಚಿ ಹತ್ತಿತು. ದಂಡು ಕಟ್ಟಿಕೊಂಡು ಹೋಗಿ ಓರ್ಲೆಯಾನ್ ಹಿಡಿದ, ನೆವೇರ್ ಹಿಡಿದ, ಸುತ್ತಲಿನ ಸೀಮೆಯನ್ನೆಲ್ಲ ತನ್ನದು ಮಾಡಿಕೊಂಡ. “ಒಂದ್ ಕೈಯಾಗ ಶಿಲುಬಿ, ಇನ್ನೊಂದರಾಗ ಕತ್ತಿ. ಜನಾ ಯಾವ್ ಕೈಗೆ ನಮಸ್ಕಾರ ಮಾಡಬೇಕು ಹೇಳು?” ಎಂದು ನನ್ನನ್ನೇ ಕೇಳುತ್ತಿದ್ದರು. ನನಗೆ ಹಿಡಿಸಿದ್ದನ್ನು ದಿನಚರಿಯಲ್ಲಿ ಬರೆದುಕೊಳ್ಳುವುದು ನನ್ನ ಹಳೆಯ ಚಾಳಿ. ಇದನ್ನೂ ಬರೆದುಕೊಂಡೆ.

ಇಲ್ಲಿನ ನಮ್ಮ ಬಸವ ಸಂಘದ ಅಧ್ಯಕ್ಷರು ಡಾಕ್ಟರ್ ರಾಜಶೇಖರ. ಈ ದೇಶಕ್ಕೆ ಮೊದಲು ಬಂದವರಲ್ಲಿ ಒಬ್ಬರು, ಎಂಬತ್ತರ ಹತ್ತಿರದ ವಯಸ್ಸು. ಮಕ್ಕಳಿಗೆ ಲಿಂಗದೀಕ್ಷೆ ಕೊಡುವವರೂ ಅವರೇ, ಯಾರ ಮನೆಯ ಮದುವೆಗೆ ಸ್ಕಾರ್‌ಬರೋದ ಸಭಾಭವನ ಯಾವತ್ತು ಸಿಗುತ್ತದೆ ಎಂದು ಹೇಳುವವರೂ ಅವರೇ. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಕೆಲಸ ಹೇಳಿ ಕೊಡಿಸುವುದೂ ಅವರ ಕೈಯಲ್ಲೇ. ಹೀಗಾಗಿ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಹೋದ ವರ್ಷ ಬಸವ ಜಯಂತಿಯ ದಿನ ಇವರು ವೇದಿಕೆ ಹತ್ತಿ ಬಿಷಪ್ಪನ ಜೀವನಚರಿತ್ರೆ ಹೇಳಿದರು. ಡಾಕ್ಟರ ಹೆಸರು ಎತ್ತಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಆದರೆ ಹಿಂದಿನ ಸಾಲಿನ ಬೆಂಗಳೂರು ಹುಡುಗರು ಕಿಸಿಕಿಸಿ ನಕ್ಕರು. ಡಾಕ್ಟರು ಎಲ್ಲರಿಗಿಂತ ಜೋರಾಗಿ ನಕ್ಕರು. ಪ್ರಸಾದದ ಪಂಕ್ತಿಯಲ್ಲಿ ಬಂದು, “ರೇವಣಸಿದ್ದಪ್ಪನವರ, ನಿಮ್ಮ ಬಿಷಪ್ಪಗ ಕಡೀಗೆ ಏನಾತು, ಹೇಳಲೇ ಇಲ್ಲಲ್ಲ?” ಎಂದರು.

“ಹಬ್ಬದ ದಿನ ಅದ್ಯಾಕ ಬಿಡ್ರಿ ಡಾಕ್ಟರ, ಮುಂದಿನ ವರ್ಷ ಹೇಳ್ತೀನಿ. ಹುಗ್ಗಿ ಆರತೈತಿ, ಉಣ್ರಿ” ಎಂದರು ಇವರು.

ಅವತ್ತಿನಿಂದ ಹುಡುಗರು ಡಾಕ್ಟರು ಒಳಗೆ ಬಂದರೆ “ಬಿಷಪ್ ಬಂದ್ರು, ಸೀಟ್ ಬಿಡ್ರೋ” ಎಂದು ಮೆಲ್ಲಗೆ ಅನ್ನುವುದು ರೂಢಿಯಾಯಿತು. ಅದು ಅವರ ಕಿವಿಗೂ ಬಿದ್ದಿತ್ತು.

ಈ ದೇಶದಲ್ಲಿ ಕೂಡಿಸಿ ಮಣ್ಣು ಕೊಡುವುದು ಸುಲಭವಲ್ಲ. ಊರಾಚೆಯ ಒಂದು ಸ್ಮಶಾನದವರ ಬಳಿ ವರ್ಷಗಟ್ಟಲೆ ಓಡಾಡಿ, ನಮ್ಮ ಪದ್ಧತಿ ತಿಳಿಸಿ, ಆಳದ ಗುಂಡಿ ತೋಡಲು ಒಪ್ಪಿಸಿ, ಸಂಘಕ್ಕೆ ಒಂದು ಪಟ್ಟಿ ಜಾಗ ಕೊಡಿಸಿದವರು ನಿನ್ನ ಮಾವನೇ. ಆದರೆ ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಸ್ಮಶಾನದವರು ಅಲ್ಲಿ ಗುದ್ದಲಿ ಹಾಕುವುದಿಲ್ಲ.

ಜನವರಿಯಲ್ಲಿ ಇವರ ಉಸಿರು ನಿಂತಾಗ ಮಗ ಆದಿತ್ಯ ಮೊದಲು ಡಾಕ್ಟರಿಗೇ ಫೋನು ಮಾಡಿದ. ಅವರು ಮನೆಗೆ ಬಂದರು, ನನ್ನ ಎದುರಿಗೇ ಕೂತರು. “ಅಕ್ಕಾರ, ಈ ಥಂಡಿಯೊಳಗ ನೆಲ ಕಲ್ಲ ಆಗೇತಿ. ಅಷ್ಟ ಆಳ ಮಶೀನೂ ಇಳಿಯಂಗಿಲ್ಲ. ನನ್ನ ಕೈಯಾಗ ಇದ್ದಿದ್ರ ಮಾಡ್ತಿದ್ದಿಲ್ಲೇನು?” ಎಂದರು. ದನಿ ಮೆತ್ತಗಿತ್ತು. ವಸಂತದವರೆಗೆ ಕಾಯಬಹುದೇ ಎಂದು ಕೇಳಿದೆ. “ಅಲ್ಲೀತನಕ ಅಪ್ಪನ್ನ ಫ್ರೀಜರ್‌ನಾಗ ಇಡೋದೇನವ್ವಾ?” ಎಂದು ಆದಿತ್ಯ ಅತ್ತ. ಸುಡಲು ಒಪ್ಪಿಕೊಂಡೆ.

ಫೆಬ್ರವರಿಯಲ್ಲಿ ಡಾಕ್ಟರ ಅಣ್ಣ ನಿಜಲಿಂಗಪ್ಪನವರು ತೀರಿಕೊಂಡರು. ಜನವರಿಗಿಂತ ಕೆಟ್ಟ ಚಳಿ, ಮೊಣಕಾಲುದ್ದ ಹಿಮ. ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಆದಿತ್ಯ ಕರೆದುಕೊಂಡು ಹೋದ. ಹಿಮ ಸರಿಸಿದ ಜಾಗದಲ್ಲಿ ಆಳವಾದ ಗುಂಡಿ. ಅದರ ಗೋಡೆಯ ಮೇಲೆ ಮಶೀನಿನ ಹಲ್ಲಿನ ಗುರುತು, ಕೆಳಗೆ ಮೆತ್ತಗಿನ ಕಂದು ಮಣ್ಣು. ನಿಜಲಿಂಗಪ್ಪನವರು ಅಪ್ಪ ಕೂತ ಹಾಗೆಯೇ ಕೂತಿದ್ದರು. ಎಲ್ಲರಂತೆ ನಾನೂ ಪತ್ರಿ ಹಾಕಿದೆ. ಡಾಕ್ಟರು ನನ್ನ ಕಡೆ ನೋಡಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ ಗುರುಬಸವ್ವಾ. ನಿನ್ನ ಮಾವನ ಹಾಗೆ ನಗಿಸಿ ಬಿಡುವವಳಲ್ಲ ನಾನು.

ಏಪ್ರಿಲಿನಲ್ಲಿ ಡಾಕ್ಟರೇ ಫೋನು ಮಾಡಿ, ಈ ಸಲದ ಜಯಂತಿಯಲ್ಲಿ ರೇವಣಸಿದ್ದಪ್ಪನವರ ನೆನಪಿಗೆ ದೀಪ ಹಚ್ಚಿ ನಾಲ್ಕು ಮಾತಾಡಬೇಕು ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಆದಿತ್ಯನಿಗೆ ವಾಸನೆ ಹತ್ತಿ, ಮೆಡೋವೇಲಿನ ಆಫೀಸಿನಿಂದ ಮಧ್ಯಾಹ್ನವೇ ಬಂದುಬಿಟ್ಟ. “ಅವ್ವಾ, ಸೀನ್ ಕ್ರಿಯೇಟ್ ಮಾಡಬ್ಯಾಡ. ಪ್ಲೀಸ್” ಎಂದ. ಊಟಕ್ಕೆ ಏನು ಮಾಡಲಿ ಎಂದು ಕೇಳಿದೆ.

ಏಳನೆಯ ತರಗತಿ ಓದಿದವಳು, ಮೈಕು ಹಿಡಿದವಳಲ್ಲ. ಆದರೂ ಜಯಂತಿಯ ದಿನ ದೀಪ ಹಚ್ಚಿ ಮೈಕಿನ ಮುಂದೆ ನಿಂತೆ. ಹೋದ ವರ್ಷ ನಮ್ಮ ಮನೆಯವರು ಅರ್ಧಕ್ಕೆ ಬಿಟ್ಟ ಕಥೆಯನ್ನು ಮುಗಿಸುತ್ತೇನೆ ಎಂದೆ. ಅಷ್ಟು ಊರು ಹಿಡಿದರೂ ಸಾಲದೆ ಬಿಷಪ್ ಲಿಯಾನ್ ಪಟ್ಟಣದ ಮೇಲೆ ದಂಡೆತ್ತಿ ಹೊರಟ, ದಾರಿಯಲ್ಲಿ ಸಿಡಿಲು ಬಡಿದು ಸತ್ತ, ಇಷ್ಟೇ ಕಥೆ ಎಂದೆ. ಹಿಂದಿನ ಸಾಲಿನ ಹುಡುಗರು ಈ ಸಲ ನಗಲಿಲ್ಲ. ಆಮೇಲೆ ಡಾಕ್ಟರ ಕಡೆ ತಿರುಗಿದೆ.

“ಜನವರಿಯಾಗ ಕಲ್ಲಾಗಿದ್ದ ನೆಲ ಫೆಬ್ರವರಿಯಾಗ ಹೆಂಗ ಮೆತ್ತಗಾತ್ರಿ ಡಾಕ್ಟರ?”

ಅವರು ಎದ್ದು ನಿಂತು, “ಅಕ್ಕಾರ ದುಃಖದಾಗ ಅದಾರ, ಯಾರರೆ ನೀರ ಕೊಡ್ರಿ” ಎಂದರು. ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಪ್ರಫುಲ್ಲಾ ಕೂತಲ್ಲಿಂದಲೇ ಹೇಳಿದರು: “ಅವರು ನೀರ ಕೇಳಿಲ್ಲ. ಜವಾಬ ಕೇಳ್ಯಾರ. ಮನ್ಯಾಗ ನಾನೂ ಕೇಳೇನಿ, ನನಗೂ ಕೊಟ್ಟಿಲ್ಲ.”

ಡಾಕ್ಟರು ಕೂತುಬಿಟ್ಟರು. ಆ ಸಂಜೆ ಅವರ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳಲು ಯಾರೂ ಸಾಲು ನಿಲ್ಲಲಿಲ್ಲ. ತಟ್ಟೆ ಹಿಡಿದು ಒಬ್ಬರೇ ನಿಂತಿದ್ದರು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಹುಗ್ಗಿ ಎರಡು ಸಲ ಹಾಕಿಸಿಕೊಂಡೆ.

ಮರುವಾರದ ಸಭೆಯಲ್ಲಿ ಸ್ಮಶಾನದ ಒಪ್ಪಿಗೆ ಅಧ್ಯಕ್ಷರ ಕೈಯಲ್ಲಿ ಬೇಡ ಎಂದಾಯಿತು. ಯಾರ ಕೈಯಲ್ಲಿ ಎಂದು ಕೇಳಿದಾಗ ಪ್ರಫುಲ್ಲಾ ನನ್ನ ಹೆಸರು ಹೇಳಿದರು. ಎಲ್ಲರೂ ಕೈ ಎತ್ತಿದರು, ಕೊನೆಗೆ ಡಾಕ್ಟರೂ ಎತ್ತಿದರು. ಈಗ ಆ ಪಟ್ಟಿ ಜಾಗದಲ್ಲಿ ಯಾರು ಕೂಡಬೇಕಾದರೂ ಸಹಿ ನನ್ನದು.

ಮೊನ್ನೆ ಡಾಕ್ಟರು ಕೋಲೂರಿಕೊಂಡು ಮನೆಗೆ ಬಂದರು. ಹೃದಯದ ತೊಂದರೆ ಹೆಚ್ಚಾಗಿದೆಯಂತೆ. ಚಹಾ ಕೊಟ್ಟೆ. ಕುಡಿಯದೆ ಕಪ್ಪು ಹಿಡಿದುಕೊಂಡೇ ಕೂತಿದ್ದರು.

“ಅಕ್ಕಾರ, ತಪ್ಪಾತು. ಬಿಷಪ್ಪ ಅಂತ ಹುಡುಗರು ಅಂದದ್ದು ಮನಸಿನಾಗ ಇಟ್ಕೊಂಡಿದ್ದೆ. ನನ್ನ ಟೈಮ್ ಬಂದಾಗ… ನನ್ನ ಕೂಡಸ್ತೀರಲ್ಲ?”

ಅವರ ಕಣ್ಣಲ್ಲಿ ನೀರಿತ್ತು. ಜನವರಿಯಲ್ಲಿ ನನ್ನ ಕಣ್ಣಲ್ಲಿ ಇದ್ದಂತೆಯೇ.

“ನೆಲ ನೋಡಬೇಕ್ರಿ ಡಾಕ್ಟರ” ಎಂದೆ.

ನಿನಗೆ ಇದು ಸರಿ ಅನ್ನಿಸುವುದಿಲ್ಲ, ಗೊತ್ತು. ಕ್ಷಮಿಸಿಬಿಡು ಅಕ್ಕಾ ಎಂದು ಬರೆಯಬೇಡ. ಆದಿತ್ಯ ದಿನಾ ಅದನ್ನೇ ಹೇಳುತ್ತಾನೆ. ಆ ಬಿಷಪ್ಪನೂ ಮೊದಲು ಹೀಗೇ ಒಂದು ತುಂಡು ನೆಲದಿಂದ ಶುರುಮಾಡಿರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸಿಡಿಲು ಬರುವುದಾದರೆ ಬರಲಿ. ಡಾಕ್ಟರು ಇರುವಷ್ಟು ದಿನ ನನ್ನ ಸಹಿಯನ್ನು ನೆನೆಸಿಕೊಂಡೇ ಇರಲಿ.

ನಿನ್ನ ಮೊಮ್ಮಗಳ ಪರೀಕ್ಷೆ ಚೆನ್ನಾಗಿ ಆಗಿರಲಿ. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ. ಬಸವಣ್ಣ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ನೀಲಾಂಬಿಕಾ

ತಾ.ಕ.: ಸುಡುವ ದಿನ, ಕೊರಳಿನಲ್ಲಿರುವ ಕಲ್ಲು ಬೆಂಕಿಯೊಳಗೆ ಹೋಗುವಂತಿಲ್ಲ ಎಂದು ಅಲ್ಲಿನವರು ನಿನ್ನ ಮಾವನ ಲಿಂಗ ತೆಗೆದು ನನ್ನ ಕೈಗೆ ಕೊಟ್ಟರು. ಇನ್ನೊಬ್ಬರ ಲಿಂಗ ನಾವು ಪೂಜಿಸಬಾರದು ಎಂದು ಅವ್ವ ಹೇಳುತ್ತಿದ್ದಳಲ್ಲ, ಅದಕ್ಕೆ ಪೂಜೆ ಮಾಡುವುದಿಲ್ಲ. ದಿನಾ ಬೆಳಿಗ್ಗೆ ನನ್ನ ಪೂಜೆ ಮುಗಿಸಿ ಲಿಂಗ ಕಟ್ಟಿದ ಮೇಲೆ ಅವರದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂಡುತ್ತೇನೆ. ಅದನ್ನು ಹಿಡಿಯಲು ಅವರ ಕೈ ಇಲ್ಲವಲ್ಲ. ನನ್ನನ್ನು ಕೂಡಿಸುವ ದಿನ ಎರಡನ್ನೂ ನನ್ನ ಒಂದೇ ಕೈಯಲ್ಲಿ ಇಡಲು ಬರುತ್ತದೆಯೇ? ಇಲ್ಲಿ ಕೇಳಬೇಕಾದರೆ ಡಾಕ್ಟರನ್ನೇ ಕೇಳಬೇಕು. ನಿಮ್ಮ ಊರಿನ ಅಯ್ಯನವರನ್ನು ಕೇಳಿ ತಿಳಿಸು.