ಹಿಟ್ಟಿನ ಗಿರಣಿಗೆ ತಿರುಗಿದ ನನ್ನ ಫೋನು

ದೂರವಾಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಚಿಂತಾಮಣಿಯ ನಮ್ಮ ಮನೆಯ ಸ್ಥಿರ ದೂರವಾಣಿಗೆ ಬರುವ ಕರೆಗಳನ್ನು ನನ್ನ ಮೊಬೈಲಿಗೆ ತಿರುಗಿಸಿಕೊಡಿ ಎಂದು ತಮಗೆ ಅರ್ಜಿ ಹಾಕಿದೆ. ತಾವು ಅವನ್ನು, ಮೂರು ಬಸ್ಸು ಬದಲಾಯಿಸಿ ಹೋಗಬೇಕಾದ ನಗರಗೆರೆಯ ಒಂದು ಹಿಟ್ಟಿನ ಗಿರಣಿಗೆ ತಿರುಗಿಸಿದಿರಿ. ತಪ್ಪಾಗಿದೆ ಸ್ವಾಮಿ ಎಂದು ನಾಲ್ಕು ಸಲ ದೂರು ಕೊಟ್ಟೆ. ಅದಕ್ಕೆ ಪರಿಹಾರವಾಗಿ, ಈ ತಿಂಗಳ ಮೂವತ್ತಕ್ಕೆ ನನ್ನ ನಂಬರನ್ನೇ ಶಾಶ್ವತವಾಗಿ ರದ್ದು ಮಾಡುವುದಾಗಿ ನೋಟಿಸು ಕಳಿಸಿದ್ದೀರಿ. ತಮ್ಮ ಕಚೇರಿ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ತಮಗೆ ಕಳಿಸಿದ ಕಾಗದಗಳೆಲ್ಲ ಯಾರೂ ಓದದೆ 'ಮುಕ್ತಾಯ'ವಾಗುತ್ತಿರುವುದರಿಂದ ಇದನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಊರವರು ಓದಿ ತಮಗೆ ಹೇಳಲಿ.

ಒಂದು ಲ್ಯಾಂಡ್‌ಲೈನ್ ಹೋದರೆ ಏನು ಮುಳುಗಿಹೋಗುತ್ತದೆ ಎಂದು ತಾವು ಕೇಳಬಹುದು. ನಾನು ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ಇಪ್ಪತ್ತನಾಲ್ಕು ವರ್ಷದ ಹಿಂದೆ, ನನ್ನ ಮಗಳು ಮಹತಿ ಹುಟ್ಟುವಾಗ ನನಗೆ ರಕ್ತ ಬೇಕಾಯಿತು. ನನ್ನ ಗಂಡ ರಘುನಂದನ್ ಬಸ್ ನಿಲ್ದಾಣದಲ್ಲಿ ನಿಂತು, ನಾಚಿಕೆ ಬಿಟ್ಟು, ಕಂಡಕಂಡವರನ್ನು ಕೇಳಿದರು. ಒಬ್ಬ ಕಂಡಕ್ಟರು ಬಂದು ಕೊಟ್ಟರು. ಕಾಫಿ ತರುವಷ್ಟರಲ್ಲಿ ಟ್ರಿಪ್ಪಿಗೆ ಹೊತ್ತಾಯಿತೆಂದು ಹೊರಟೇಹೋದರು. ಅವರ ಹೆಸರು ಇವತ್ತಿಗೂ ನಮಗೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಆ ಸಂಕಟಕ್ಕೇ ನಾನು ಒಂದು ಹಳೆಯ ಹಾಜರಿ ಪುಸ್ತಕ ತೆಗೆದುಕೊಂಡು, ರಕ್ತ ಕೊಡಲು ಸಿದ್ಧವಿರುವವರ ಹೆಸರು, ಗುಂಪು, ಊರು ಬರೆಯತೊಡಗಿದೆ. ಕೈವಾರದ ಪೇಂಟರ್ ಮುನಿಶಾಮಪ್ಪನವರು 'ರಕ್ತ ಬೇಕೇ?' ಎಂದು ಕೆಂಪಕ್ಷರದಲ್ಲಿ ಬರೆದು, ಅದರಡಿ ನಮ್ಮ ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಬರೆದರು. ನಾನು ಹೇಳಿದ್ದು ಎರಡು ಗೋಡೆ. ಅವರು ನಾಲ್ಕು ತಾಲ್ಲೂಕಿನಲ್ಲಿ ಖಾಲಿ ಕಂಡ ಗೋಡೆಯನ್ನೆಲ್ಲ ತುಂಬಿಸಿ, ಒಂದು ದಿನ ತೀರಿಕೊಂಡುಬಿಟ್ಟರು. ಜನ ಆ ನಂಬರನ್ನು ಬಾಯಿಪಾಠ ಮಾಡಿದ್ದಾರೆ, ರೇಷನ್ ಕಾರ್ಡಿನ ಹಿಂದೆ ಬರೆದುಕೊಂಡಿದ್ದಾರೆ. ಅದನ್ನು ಅಳಿಸಿ ಮೊಬೈಲ್ ನಂಬರು ಬರೆಸಲು ನನಗೆ ಇನ್ನೊಬ್ಬ ಮುನಿಶಾಮಪ್ಪ ಎಲ್ಲಿ ಸಿಗಬೇಕು?

ನಾನು ಶಾಲೆಗೆ ಹೋದಾಗ ಫೋನು ಎತ್ತುತ್ತಿದ್ದವರು ನನ್ನ ಅತ್ತೆ ವೆಂಕಟಲಕ್ಷ್ಮಮ್ಮ. ಫೋನಿನ ಪಕ್ಕದ ಮಣೆ ಅವರದೇ, ಅಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ. ಆದರೆ ಈಚೆಗೆ ಅವರ ಕಿವಿ ಮಂದವಾಗಿದೆ. ಹೋದ ವರ್ಷ ಯಾರೋ ಗಾಬರಿಯಲ್ಲಿ 'ಬಿ ನೆಗೆಟಿವ್' ಬೇಕು ಎಂದರೆ, ಅತ್ತೆಗೆ 'ಬೀಗರಿಗೆ ನೆಗಡಿ' ಎಂದು ಕೇಳಿಸಿದೆ. ಮೆಣಸಿನ ಕಷಾಯ ಕುಡಿಸಿ, ಬೆಚ್ಚಗೆ ಮಲಗಿಸಿ ಎಂದು ಹೇಳಿ ಫೋನಿಟ್ಟಿದ್ದಾರೆ. ಆ ಮನುಷ್ಯ ಮತ್ತೆ ಕರೆ ಮಾಡಿದ್ದರಿಂದ ಬಚಾವಾಯಿತು. ನಾವು ಒಂದು ವಾರ ನಕ್ಕೆವು, ಆಮೇಲೆ ನನಗೆ ಭಯ ಹತ್ತಿತು. ಆಗಲೇ ತಮಗೆ ಅರ್ಜಿ ಹಾಕಿದ್ದು.

ಅರ್ಜಿಯಲ್ಲಿ ನನ್ನ ಮೊಬೈಲ್ ನಂಬರನ್ನು, ಬೋರ್ಡಿನ ಮೇಲೆ ಮಕ್ಕಳಿಗೆ ಬರೆಯುವ ಹಾಗೆ, ದುಂಡಗೆ ಬರೆದಿದ್ದೆ. ಕೊನೆಯ ಅಂಕಿ ಏಳು. ಆದರೆ ಕಣ್ಣೆದುರು ಬರೆದಿದ್ದನ್ನು ನಂಬುವುದು ತಮ್ಮ ನಿಯಮದಲ್ಲಿಲ್ಲವಂತೆ, 'ದೂರವಾಣಿ ಮೂಲಕ ದೃಢೀಕರಣ' ಆಗಬೇಕಂತೆ. ತಮ್ಮ ಪರಿಶೀಲನಾ ಸಿಬ್ಬಂದಿ ಮನೆಗೆ ಕರೆ ಮಾಡಿದಾಗ ನಾನು ಶಿಡ್ಲಘಟ್ಟದಲ್ಲಿ ಅನುವಂಶೀಯತೆಯ ಪಾಠ ಮಾಡುತ್ತಿದ್ದೆ. ಅತ್ತೆ ಎತ್ತಿದರು. ನಮ್ಮ ಕಡೆಯ ಹಿರಿಯರು ಮಾತನ್ನು ಕನ್ನಡದಲ್ಲಾಡಿದರೂ ಲೆಕ್ಕವನ್ನು ತೆಲುಗಿನಲ್ಲೇ ಮಾಡುವುದು. ಒಂಬತ್ತು ಅಂಕಿಯನ್ನು ಹೇಗೋ ಕಷ್ಟಪಟ್ಟು ಕನ್ನಡದಲ್ಲಿ ಹೇಳಿದ ಅತ್ತೆ, ಕೊನೆಗೆ ಸುಸ್ತಾಗಿ "ಏಡು" ಎಂದಿದ್ದಾರೆ. ತೆಲುಗಿನಲ್ಲಿ ಅದು ಏಳು. ಅತ್ತ ಕಡೆಯಿಂದ ತಮ್ಮವರು "ಎರಡಾ ಅಮ್ಮಾ?" ಎಂದು ಕೇಳಿದ್ದಾರೆ. ಅತ್ತೆಯ ಕಿವಿಗೆ ಅದೂ ಏಡು ಎಂದೇ ಬಿದ್ದು, "ಹೂಂ ಕಣಪ್ಪ, ಅದೇ" ಎಂದು ಮೊಹರು ಒತ್ತಿದ್ದಾರೆ. ಹೀಗೆ ನನ್ನ ಏಳು, ಗಡಿ ದಾಟಿಬಂದು ಎರಡಾಯಿತು. ಕೆಲಸ ಯಶಸ್ವಿಯಾಗಿ ಮುಗಿದಿದೆ ಎಂಬ ಸಂದೇಶ ಮಾತ್ರ ನನ್ನ ಸರಿಯಾದ ಮೊಬೈಲಿಗೇ ಬಂತು! ಅಂದರೆ ಸರಿಯಾದ ನಂಬರೂ ತಮ್ಮಲ್ಲಿತ್ತು. ಅದನ್ನು ಯಾವುದಕ್ಕೆ ಬಳಸಬೇಕು ಎಂಬುದಷ್ಟೇ ತಿಳಿಯಲಿಲ್ಲ.

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಪ್ರಯೋಗ ಮಾಡದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವವಳು, ನನ್ನ ನಂಬರಿಗೆ ಒಂದು ಸಲ ನಾನೇ ಕರೆ ಮಾಡಿ ನೋಡಲಿಲ್ಲ. ಹನ್ನೊಂದು ವಾರ ಮೊಬೈಲು ತೆಪ್ಪಗಿತ್ತು. ಮೊದಲು ಪರವಾಗಿಲ್ಲ, ಜನಕ್ಕೆ ಈಗ ವಾಟ್ಸಾಪಿದೆ, ರಕ್ತನಿಧಿಗಳಿವೆ ಎಂದುಕೊಂಡೆ. ಆಮೇಲೆ ಹಾಜರಿ ಪುಸ್ತಕ ತೆರೆದು ಕೂತಾಗ, ನನ್ನ ಅಗತ್ಯ ಮುಗಿಯಿತಲ್ಲ ಎಂದು ಅಳು ಬಂತು. ಬಂದದ್ದು ನಿಜ, ಹೇಳಲು ನಾಚಿಕೆಯಿಲ್ಲ.

ಆಗ ಒಂದು ಭಾನುವಾರ ತೊಂಡೇಬಾವಿಯಿಂದ ಬಯ್ಯಪ್ಪ ಎಂಬುವರು, ಗೋಡೆಯ ಮೇಲಿನ ವಿಳಾಸ ಹಿಡಿದು, ಒಂದು ಚೀಲ ಹಸಿ ಕಡಲೆಕಾಯಿ ಹೊತ್ತುಕೊಂಡು ಮನೆಗೆ ಬಂದರು. ಅವರ ಹೆಂಡತಿಯ ಆಪರೇಷನ್ನಿಗೆ ನಾನು ಇಬ್ಬರನ್ನು ಕಳಿಸಿ ಉಪಕಾರ ಮಾಡಿದೆನಂತೆ. ನನಗೆ ಯಾವ ಕರೆಯೂ ಬಂದಿಲ್ಲವಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಕಡಲೆಕಾಯಿ ಚೀಲವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ನೀವಲ್ಲ ಬಿಡಿ ಮೇಡಮ್ಮ. ಆಯಮ್ಮನ ದನಿ ಹಿಂಗಿರ್ಲಿಲ್ಲ. ಹಿಂದ್ಗಡೆ ದಡದಡ ಅಂತ ಏನೋ ಓಡ್ತಿತ್ತು. ಅರ್ಧ ತೆಲುಗಲ್ಲೇ ಬೈದ್ರು, ಆದ್ರೆ ಜನ ಕಳಿಸಿಕೊಟ್ರು."

ಅವರು ಬಂದದ್ದು ಬರೀ ಉಪಕಾರ ನೆನೆಯಲಿಕ್ಕಲ್ಲ. ಸೊಸೆ ರೂಪಳಿಗೆ ಮುಂದಿನ ತಿಂಗಳು ಎರಡನೇ ವಾರಕ್ಕೆ ಹೆರಿಗೆ. ಅವಳದು ಓ ನೆಗೆಟಿವ್. ಅದೇ ಗುಂಪಿನ ಒಬ್ಬರನ್ನು ಗೊತ್ತು ಮಾಡಿಟ್ಟುಕೊಂಡಿರಿ ಎಂದು ಡಾಕ್ಟರು ಹೇಳಿದ್ದಾರಂತೆ. ನನ್ನ ಪುಸ್ತಕದಲ್ಲಿ ಓ ನೆಗೆಟಿವ್ ಇದ್ದವರು ಇಬ್ಬರೇ. ಮೆಡಿಕಲ್ ಅಂಗಡಿಯ ಮೋಹನ್‌ಬಾಬು ಅವರಿಗೆ ಅರವತ್ತಾರಾಯಿತು, ಇನ್ನು ಅವರಿಂದ ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬರು ವರ್ಗವಾಗಿ ಬೀದರಿನಲ್ಲಿದ್ದಾರೆ. ನೋಡೋಣ ಎಂದು ಬಯ್ಯಪ್ಪನವರನ್ನು ಕೂರಿಸಿ, ಅವರೆದುರೇ ನನ್ನ ಮೊಬೈಲಿನಿಂದ ನಮ್ಮ ಮನೆಯ ನಂಬರನ್ನು ಒತ್ತಿದೆ. ಪಕ್ಕದಲ್ಲೇ ಇದ್ದ ನಮ್ಮ ಫೋನು ಸುಮ್ಮನಿತ್ತು. ಅತ್ತ ಕಡೆಯಿಂದ ದಡದಡ ಸದ್ದಿನ ನಡುವೆ ಒಬ್ಬ ಹೆಂಗಸಿನ ದೊಡ್ಡ ದನಿ ಕೇಳಿತು.

"ಯಾವ ಗ್ರೂಪಮ್ಮ? ಯಾವ ಆಸ್ಪತ್ರೆ? ಬೇಗ ಹೇಳಮ್ಮ, ಬೆಲ್ಟು ಓಡ್ತಾ ಐತೆ."

"ಇವರೇ," ಎಂದರು ಬಯ್ಯಪ್ಪ. ಕಡಲೆಕಾಯಿ ಚೀಲವನ್ನು ಎತ್ತಿಕೊಂಡು, ಇವರ ಊರು ಯಾವುದು ಕೇಳಿ ಎಂದರು.

ಮುಂದಿನ ಭಾನುವಾರ ನಾನೇ ನಗರಗೆರೆಗೆ ಹೋದೆ. ಗಿರಣಿ ಮಂಗಮ್ಮನವರದು, ಎರಡರಲ್ಲಿ ಮುಗಿಯುವ ಆ ಮೊಬೈಲೂ ಅವರದೇ. ಗಂಡ ನಲ್ಲಪ್ಪ ಮೋಟರು ನೋಡಿಕೊಳ್ಳುತ್ತಾರೆ, ಮಂಗಮ್ಮ ಜನರನ್ನು ನೋಡಿಕೊಳ್ಳುತ್ತಾರೆ. ಮೊದಲ ಕರೆ ಬಂದಾಗ ರಾಂಗ್ ನಂಬರ್ ಎಂದು ಇಟ್ಟರಂತೆ. ಅದೇ ಮನುಷ್ಯ ಮತ್ತೆ ಮಾಡಿದಾಗಲೂ ಇಟ್ಟರಂತೆ. ಮೂರನೇ ಸಲ ಅವನು ಮಾತೇ ಆಡದೆ ಅಳುತ್ತಿದ್ದನಂತೆ. ಮಂಗಮ್ಮ ಮೋಟರು ಆಫ್ ಮಾಡಿಸಿ, ಸಾಲಿನಲ್ಲಿ ನಿಂತವರನ್ನೆಲ್ಲ ಗುಂಪು ಕೇಳಿದರೆ, ಗೊತ್ತಿದ್ದದ್ದು ನಲ್ಲಪ್ಪನವರಿಗೆ ಮಾತ್ರ. ಅದೃಷ್ಟಕ್ಕೆ ಅದೇ ಬೇಕಿತ್ತು. ಹಿಟ್ಟು ಮೆತ್ತಿದ ಅಂಗಿಯಲ್ಲೇ ಅವರನ್ನು ಗೌರಿಬಿದನೂರಿಗೆ ಓಡಿಸಿದರಂತೆ.

ನಿಮಗೇಕೆ ಈ ತಾಪತ್ರಯ, ನಂಬರು ನಿಮ್ಮದಲ್ಲವಲ್ಲ ಎಂದು ಕೇಳಿದೆ.

"ಮೂರ್ನೇ ಸಲಾನೂ ರಾಂಗ್ ನಂಬರ್ ಅನ್ನಕ್ಕೆ ಬಾಯಿ ಬರ್ಲಿಲ್ಲ ಮೇಡಮ್ಮ. ನನ್ಗೇ ಬತ್ತೈತೆ ಅಂದ್ಮೇಲೆ ನಂದೇ ನಂಬರು ಅಂದ್ಕಂಡೆ."

ಆಮೇಲೆ ಗಿರಣಿಗೆ ಹೊಸ ಕಾನೂನು ಬಂತು. ರಕ್ತದ ಗುಂಪು ಗೊತ್ತಿಲ್ಲದವರ ರಾಗಿ ಕೊನೆಗೆ. ಮುದ್ದೆಗೆ ಹಿಟ್ಟಿಲ್ಲದೆ ಯಾರಿಗೆ ನಡೆಯುತ್ತದೆ? ಎರಡೇ ವಾರದಲ್ಲಿ ಅರ್ಧ ಊರು ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂತು. ನಾನು ಹೋದಾಗ ರಾಗಿ ಡಬ್ಬಗಳು ಸಾಲಾಗಿ ಕೂತಿದ್ದವು. ಪ್ರತಿ ಡಬ್ಬದ ಮೇಲೆ ಹೆಸರು, ಹೆಸರಿನ ಮುಂದೆ ಹಸಿರು ಪೇಂಟಿನಲ್ಲಿ ಗುಂಪು. ರಕ್ತ ಕೊಟ್ಟವರ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ತಾರೀಕು, ಮತ್ತೆ ಯಾವಾಗ ಕೊಡಬಹುದೆಂದು ತಿಳಿಯಲಿಕ್ಕೆ. ಯಾವ ಕೇರಿಯ ಡಬ್ಬ ಮುಂದೆ, ಯಾವುದು ಹಿಂದೆ ಎಂಬ ಹಳೆಯ ಜಗಳ ಈಗ ಇಲ್ಲವಂತೆ. ಹನ್ನೆರಡು ವಾರದಲ್ಲಿ ಬಂದ ಕರೆ ಮೂವತ್ತೊಂದು, ಜನ ಸಿಕ್ಕಿದ್ದು ಇಪ್ಪತ್ತಾರಕ್ಕೆ. ನನ್ನ ಹಾಜರಿ ಪುಸ್ತಕ ಅದರ ಒಳ್ಳೆಯ ಕಾಲದಲ್ಲೂ ಬಂದ ಕರೆಗಳ ಅರ್ಧ ದಾಟಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಸಂತೋಷವಾಯಿತು. ಇದೇ ಕ್ರಮದಲ್ಲಿ ಆಯಿತು.

ಈ ನಡುವೆ, ನಿಯಮ ಪಾಲಿಸುವ ಚಂದಾದಾರಳಾಗಿ, ಬಯ್ಯಪ್ಪ ಬಂದ ಭಾನುವಾರದ ಮರುದಿನವೇ ತಮಗೆ ದೂರು ಕೊಡಲು ಶುರು ಮಾಡಿದ್ದೆ. ದೂರನ್ನು ಪರಿಶೀಲಿಸಲು ತಾವು ಯಾವ ನಂಬರಿಗೆ ಕರೆ ಮಾಡಿದಿರಿ? ನಮ್ಮ ಮನೆಯ ನಂಬರಿಗೆ. ಅದು ಎಲ್ಲಿ ರಿಂಗಾಯಿತು? ಗಿರಣಿಯಲ್ಲಿ. ಕರೆಗಳು ಸರಿಯಾಗಿ ಬರುತ್ತಿವೆಯೇ ಎಂದು ತಮ್ಮ ಸಿಬ್ಬಂದಿ ಕೇಳಿದರೆ, ಬತ್ತಾ ಅವೆ ಕಣಪ್ಪ ಎಂದು ಮಂಗಮ್ಮ ನಿಜವನ್ನೇ ಹೇಳಿದರು. 'ಗ್ರಾಹಕರು ತೃಪ್ತರಾಗಿದ್ದಾರೆ, ದೂರು ಮುಕ್ತಾಯ.' ಹೀಗೆ ಮೂರು ಸಲ ನಾನು ನಗರಗೆರೆಯಲ್ಲಿ ತೃಪ್ತಳಾದೆ. ನಾಲ್ಕನೇ ಸಲಕ್ಕೆ, ನೀವು ಯಾರೆಂದು ಹೇಳಿಬಿಡಿ ಎಂದು ನಾನೇ ಮಂಗಮ್ಮನವರಿಗೆ ಹೇಳಿಕೊಟ್ಟೆ. ಅವರು ಹೇಳಿದರು. ಆಗ ತಮಗೆ ಥಟ್ಟನೆ ಎಚ್ಚರವಾಗಿ, 'ಕರೆ ತಿರುಗಿಸಿರುವ ಮೊಬೈಲ್ ಸಂಖ್ಯೆಯು ಚಂದಾದಾರರ ಹೆಸರಿನಲ್ಲಿ ಇಲ್ಲದಿರುವುದು ಕಂಡುಬಂದಿರುವುದರಿಂದ, ಸದರಿ ಸ್ಥಿರ ದೂರವಾಣಿ ಸಂಖ್ಯೆಯನ್ನು ಶಾಶ್ವತವಾಗಿ ರದ್ದುಪಡಿಸಲಾಗುವುದು' ಎಂದು ಬರೆದಿರಿ. ಕಂಡುಬಂದಿರುವುದು! ನಾನು ನಾಲ್ಕು ಸಲ ಕೂಗಿ ಹೇಳಿದ್ದು ತಮಗೆ ಈಗ ಕಂಡುಬಂತೇ?

ಆದ್ದರಿಂದ ಮಾನ್ಯರೇ, ನನ್ನ ನಾಲ್ಕೂ ದೂರುಗಳನ್ನು ಈ ಮೂಲಕ ವಾಪಸು ಪಡೆಯುತ್ತಿದ್ದೇನೆ. ನನ್ನ ಬೇಡಿಕೆ ಈಗ ಬೇರೆ. ಮೂವತ್ತಕ್ಕೆ ನಂಬರು ಕಡಿಯಬೇಡಿ. ತಪ್ಪನ್ನೂ ತಿದ್ದಬೇಡಿ. ಆ ಎರಡನ್ನು ಎರಡಾಗಿಯೇ ಬಿಡಿ, ಏಳಕ್ಕೆ ಬರುವುದು ಬೇಡ. ಮಂಗಮ್ಮನವರ ಹೆಸರಿಗೆ ಏನೇನು ಬರೆದುಕೊಡಬೇಕೋ ಅದಕ್ಕೆಲ್ಲ ನಾನು ಸಹಿ ಹಾಕುತ್ತೇನೆ, ನನ್ನ ಹಾಜರಿ ಪುಸ್ತಕವನ್ನು ಆಗಲೇ ಗಿರಣಿಗೆ ಕೊಟ್ಟಾಗಿದೆ. ಇಷ್ಟು ದಿನ ತಪ್ಪನ್ನು ಸರಿ ಎಂದು ಮೂರು ಸಲ ದಾಖಲಿಸಿದ್ದೀರಿ. ಇನ್ನೊಂದು ಸಲ ದಾಖಲಿಸಲು ತಮಗೆ ಕಷ್ಟವೇನು?

ಇನ್ನೊಂದು ಮಾತು. ತಮ್ಮ ಪರಿಶೀಲನಾ ಸಿಬ್ಬಂದಿ ಎರಡನೇ ಸಲ ಕರೆ ಮಾಡಿದಾಗ, ಮಂಗಮ್ಮ ಅಭ್ಯಾಸಬಲದಿಂದ ಅವರದು ಯಾವ ಗ್ರೂಪು ಎಂದು ಕೇಳಿದ್ದಾರೆ. ಅವರು ಪಾಪ, ಯಾವುದೋ ಕಾಲಮ್ಮಿಗೆ ಬೇಕೇನೋ ಎಂದುಕೊಂಡು ಹೇಳಿದ್ದಾರೆ. ಓ ನೆಗೆಟಿವ್. ನಮ್ಮಿಬ್ಬರ ಪಟ್ಟಿಗಳನ್ನೂ ಸೇರಿಸಿದರೆ, ಇವತ್ತಿಗೆ ಕೈಗೆಟುಕುವ ಓ ನೆಗೆಟಿವ್ ಅವರೊಬ್ಬರೇ. ಮೂವತ್ತಕ್ಕೆ ನಂಬರು ಹೋದರೆ, ತೊಂಡೇಬಾವಿಯ ಬಯ್ಯಪ್ಪ ಮುಂದಿನ ತಿಂಗಳು ಸೊಸೆಯನ್ನು ಆಸ್ಪತ್ರೆಗೆ ಸೇರಿಸಿ ಗೋಡೆಯ ಮೇಲಿನ ಆ ನಂಬರನ್ನು ಒತ್ತುತ್ತಾರೆ, ಚಾಲ್ತಿಯಲ್ಲಿಲ್ಲ ಎಂಬ ತಮ್ಮ ಧ್ವನಿಮುದ್ರಿಕೆ ಕೇಳುತ್ತಾರೆ. ರೂಪಳಿಗೆ ಬೇಕಾದ ರಕ್ತ ಆಗ ತಮ್ಮದೇ ಕಚೇರಿಯ ಕುರ್ಚಿಯಲ್ಲಿ ಕೂತು, ದೂರು ಮುಕ್ತಾಯ ಮಾಡುತ್ತಿರುತ್ತದೆ.

ದಯವಿಟ್ಟು ಆ ಪುಣ್ಯಾತ್ಮರಿಗೆ ಹೇಳಿ, ಎರಡನೇ ವಾರ ಊರು ಬಿಟ್ಟು ಹೋಗಬಾರದು, ಹೊಟ್ಟೆ ತುಂಬ ತಿಂಡಿ ತಿಂದು ತಯಾರಿರಬೇಕು. ಅವರ ಹೆಸರು ಗೊತ್ತಿಲ್ಲದ್ದರಿಂದ ಮಂಗಮ್ಮ ಒಂದು ಖಾಲಿ ಡಬ್ಬದ ಮೇಲೆ 'ಫೋನಾಫೀಸು, ಓ ನೆಗೆಟಿವ್' ಎಂದು ಬರೆದು ಸಾಲಿನ ತಲೆಯಲ್ಲಿ ಇಟ್ಟಿದ್ದಾರೆ. ಬರುವಾಗ ರಾಗಿ ತಂದರೆ ಎಲ್ಲರಿಗಿಂತ ಮೊದಲು ಬೀಸಿಕೊಡುತ್ತಾರಂತೆ.

ಇಂತಿ,
ಸ್ವಂತ ಮನೆಗೆ ಫೋನು ಮಾಡಿ 'ಯಾವ ಗ್ರೂಪಮ್ಮ?' ಎಂದು ಕೇಳಿಸಿಕೊಂಡ ತಮ್ಮ ತೃಪ್ತ ಗ್ರಾಹಕಿ,
ಪ್ರಿಯಂವದಾ
ಚಿಂತಾಮಣಿ (ಕರೆ ಮಾಡಿದರೆ ನಗರಗೆರೆ)