ಆ್ಯಪ್ ಅಂಗಡಿಯ ಬೀಗ, ನನ್ನ ಗಂಡನ ದನಿ

ಸ್ಪರ್ಧಾ ಆಯೋಗದ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಗಂಡನ ದನಿ ಒಂದು ಫೋನ್ ಕಂಪನಿಯ ಉಗ್ರಾಣದಲ್ಲಿ ಸಿಕ್ಕಿಹಾಕಿಕೊಂಡಿದೆ. ಫೋನು ನಾವು ದುಡ್ಡು ಕೊಟ್ಟು ಕೊಂಡದ್ದು, ದನಿ ಅವರ ಸ್ವಂತ ಗಂಟಲಿನದು, ಬೀಗ ಮಾತ್ರ ಕಂಪನಿಯದು. ವ್ಯಾಪಾರದಲ್ಲಿ ದೊಡ್ಡ ಕಂಪನಿಗಳ ದಬ್ಬಾಳಿಕೆ ತಡೆಯುವುದು ತಮ್ಮ ಆಯೋಗದ ಕೆಲಸವೆಂದು ಕೇಳಿ, ಆ ಬೀಗ ತೆಗೆಸಿಕೊಡಿ ಎಂದು ತಮ್ಮ ಬಾಗಿಲಿಗೆ ಬಂದೆವು. ತಾವು ಕಂಪನಿಯ ವ್ಯಾಪಾರ ಸ್ವಾತಂತ್ರ್ಯವನ್ನು ಎತ್ತಿಹಿಡಿದು ನಮ್ಮನ್ನು ಸಾಗಹಾಕಿದಿರಿ. ಮೇಲಿನ ಕೋರ್ಟಿಗೆ ಹೋಗಲು ನಮ್ಮಲ್ಲಿ ವಕೀಲರೂ ಇಲ್ಲ, ಅಷ್ಟು ಆಯುಸ್ಸೂ ಉಳಿದಿಲ್ಲ. ಹಾಗಾಗಿ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದರಿಂದ ಏನೂ ಆಗುವುದಿಲ್ಲವೆಂದು ನನಗೂ ಗೊತ್ತು. ಬರೆಯದೆ ಇದ್ದರೂ ಏನೂ ಆಗುತ್ತಿರಲಿಲ್ಲ, ಆದ್ದರಿಂದ ನಷ್ಟವೇನಿಲ್ಲ.

ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದು ನಿವೃತ್ತಳಾದವಳು. ಬೇರೆಯವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುವುದೇ ನನ್ನ ಕಸುಬಾಗಿತ್ತು. ನನ್ನ ಗಂಡ ಹೂವಿನ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಅವರು ಕಟ್ಟೆ ಹತ್ತಿ ನಿಂತು ಗುಲಾಬಿಯ ಬೆಲೆ ಕೂಗಿದರೆ ಗೇಟಿನ ಆಚೆ ಲಾರಿ ತೊಳೆಯುತ್ತಿದ್ದವನೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ದಿನವಿಡೀ ಬಾಯಿ ಬಿಡದೆ ದುಡಿದವಳು, ಅವರು ದಿನವಿಡೀ ಬಾಯಿ ಮುಚ್ಚದೆ ದುಡಿದವರು. ಮನೆಯಲ್ಲಿ ಹೊಂದಿಕೊಂಡು ಹೋದೆವು. ಅಂಥ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಒಂದು ಉಪಾಯವನ್ನೂ ಹೇಳಿಕೊಟ್ಟರು.

ಉಪಾಯವೆಂದರೆ ಒಂದು ಆ್ಯಪ್. ದಿನಕ್ಕೆ ಬೇಕಾಗುವ ಮಾತುಗಳನ್ನೆಲ್ಲ ಮೊದಲೇ ಸ್ವಂತ ದನಿಯಲ್ಲಿ ಹೇಳಿ ಅದರಲ್ಲಿ ತುಂಬಿಟ್ಟುಕೊಳ್ಳಬೇಕು. ಆಮೇಲೆ ಬೇಕಾದ ಮಾತಿನ ಚಿತ್ರವನ್ನು ಒತ್ತಿದರೆ ಫೋನು ಆ ದನಿಯಲ್ಲೇ ನುಡಿಯುತ್ತದೆ. ಒಬ್ಬಳು ಅಕ್ಕ, ಅವಳ ತಮ್ಮ, ಇಬ್ಬರೇ ಸೇರಿ ಮಾಡಿದ್ದ ಆ್ಯಪ್ ಅದು. ಅವರ ತಂದೆಗೂ ಇದೇ ಕಾಯಿಲೆಯಂತೆ. ಅಕ್ಕ ತಾನೇ ಫೋನಿನಲ್ಲಿ ಬಂದು ನಮ್ಮವರಿಗೆ ಹೇಳಿಕೊಟ್ಟಳು. ಸದ್ದು ಬೀಳಬಾರದೆಂದು ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿ ಕೂತು ಇವರು ಶುರು ಮಾಡಿದರು.

"ಲೇ ಇವಳೇ, ಚಹಾ ಆಯ್ತಾ!"

ಫೋನಿನ ಆ ಕಡೆಯಿಂದ ಹುಡುಗಿ, "ಅಂಕಲ್, ಸ್ವಲ್ಪ ಮೆಲ್ಲಗೆ. ಮನೇಲಿ ಮಾತಾಡೋ ಥರ ಹೇಳಿ," ಅಂದಳು.

"ಮೈಕ್ ಮುಂದೆ ಮೆಲ್ಲಗೆ ಮಾತಾಡೋದು ಹೇಗಮ್ಮಾ? ಹಿಂದೆ ನಿಂತೋರಿಗೆ ಕೇಳ್ಬೇಡ್ವಾ?"

"ಹಿಂದೆ ಯಾರೂ ಇಲ್ಲ ಅಂಕಲ್. ಆಂಟಿ ಒಬ್ರೇ ಇರೋದು."

"ಅವಳಿಗೇ ಕಣಮ್ಮಾ ಕೇಳಿಸ್ದೇ ಇರೋದು!"

ಹೀಗಾಗಿ, ಮಾನ್ಯರೇ, ಚಹಾ, ನೀರು, ಮಾತ್ರೆ, ಬೆನ್ನುನೋವು, ಬಾಗಿಲು ಹಾಕು, ಎಲ್ಲವನ್ನೂ ಅವರು ಹರಾಜಿನ ರಾಗದಲ್ಲೇ ಕೂಗಿ ತುಂಬಿಟ್ಟರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ಲೋಟ ನೀರಿಗೂ ಮಾರುಕಟ್ಟೆಯ ಗದ್ದಲ. ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಾಗ "ಮಗು ಮಲಗಿದೆ, ಸದ್ದು ಮಾಡ್ಬೇಡಿ" ಎಂಬುದನ್ನು ಒತ್ತಿ ಮಗುವನ್ನು ಎಬ್ಬಿಸಿ ಕೂರಿಸಿದರು. ಸೊಸೆ ನಕ್ಕು ನಕ್ಕು ನೆಲಕ್ಕೆ ಕೂತಳು. ಒಂದೇ ಒಂದನ್ನು ಮಾತ್ರ ಅವರು ಮೆಲ್ಲಗೆ ಹೇಳಿದ್ದರು, ಅದು ಅವರು ನನ್ನನ್ನು ಕರೆಯುವ ಹೆಸರು. ಅದೇನೆಂದು ಬಹಿರಂಗ ಪತ್ರದಲ್ಲಿ ಬರೆಯುವಷ್ಟು ನನಗಿನ್ನೂ ಅರಳುಮರಳಾಗಿಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ಆ ಅಕ್ಕ ತಮ್ಮ ಇಬ್ಬರೂ ಬದುಕುತ್ತಿದ್ದುದು ನಮ್ಮಂಥವರು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದ ಸಣ್ಣ ಚಂದಾ ಹಣದಿಂದ. ಆ ಹಣ ಫೋನ್ ಕಂಪನಿಯ ಆ್ಯಪ್ ಅಂಗಡಿಯ ಮೂಲಕವೇ ಹೋಗಬೇಕು, ಹೋಗುವಾಗ ನೂರಕ್ಕೆ ಮೂವತ್ತನ್ನು ಕಂಪನಿ ಮುರಿದುಕೊಳ್ಳುತ್ತದೆ. ಅದನ್ನೂ ಅವರು ಸಹಿಸಿಕೊಂಡರು. ಕೊನೆಗೆ ಪೂರೈಸದೆ ಆ್ಯಪ್‌ನಲ್ಲಿ ಒಂದು ಸಾಲು ಹಾಕಿದರು: "ಚಂದಾವನ್ನು ನಮ್ಮ ಜಾಲತಾಣದಲ್ಲಿ ನೇರವಾಗಿ ಕಟ್ಟಿದರೆ ನಿಮಗೂ ಕಡಿಮೆ, ನಮಗೂ ಅನುಕೂಲ." ಇಷ್ಟೇ. ಅವರೇನೂ ಕದಿಯಲಿಲ್ಲ, ಸುಳ್ಳು ಹೇಳಲಿಲ್ಲ. ನಿಜವನ್ನು ಒಂದು ಸಾಲಿನಲ್ಲಿ ಹೇಳಿದರು. ಹಾಗೆ ಹೇಳುವುದು ಅಂಗಡಿಯ ನಿಯಮಕ್ಕೆ ವಿರುದ್ಧವಂತೆ. ಕಂಪನಿ ಆ್ಯಪ್ ಅನ್ನೇ ಅಂಗಡಿಯಿಂದ ಕಿತ್ತುಹಾಕಿತು.

ಆಗಲೇ ಫೋನಿನಲ್ಲಿ ಇಳಿಸಿಕೊಂಡಿದ್ದವರಿಗೆ ತೊಂದರೆಯಾಗಲಿಲ್ಲ. ನಾವೂ ನಿಶ್ಚಿಂತೆಯಾಗಿದ್ದೆವು. ಅಷ್ಟರಲ್ಲಿ ಇವರ ಫೋನಿನ ಬ್ಯಾಟರಿ ಉಬ್ಬಿಕೊಂಡಿತು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಹಳೆಯದನ್ನು ತೆಗೆದಿಟ್ಟುಕೊಂಡು ಅದೇ ಥರದ ಹೊಸದನ್ನು ಕೊಟ್ಟರು. "ಎಲ್ಲಾ ನಮ್ಮ ಹತ್ರ ಭದ್ರವಾಗಿದೆ ಮೇಡಂ, ಹೊಸದಕ್ಕೆ ಹಾಗೇ ಬರುತ್ತೆ," ಎಂದ ಕೌಂಟರಿನಲ್ಲಿದ್ದವನು. ಬಂತು. ಮೊಮ್ಮಗಳ ಫೋಟೊ ಬಂತು, ಅಲಾರಂ ಬಂತು, ಸೊಸೆ ಹಾಕಿಕೊಂಡಿದ್ದ ಹಣ್ಣು ಕತ್ತರಿಸುವ ಆಟವೂ ಬಂತು. ಈ ಆ್ಯಪ್ ಇದ್ದ ಜಾಗದಲ್ಲಿ ಬೂದುಬಣ್ಣದ ಒಂದು ಚೌಕ ಬಂತು. ಒತ್ತಿದರೆ "ಇದು ಈಗ ಲಭ್ಯವಿಲ್ಲ" ಎನ್ನುತ್ತದೆ. ದನಿಯೇನೋ ಅವರು ಕ್ಲೌಡ್ ಎನ್ನುವ ಉಗ್ರಾಣದಲ್ಲಿ ಕ್ಷೇಮವಾಗಿಯೇ ಇದೆಯಂತೆ. ಆದರೆ ಆ್ಯಪ್ ಬಂದರಷ್ಟೇ ಅದನ್ನು ಹೊರಗೆ ಕೊಡುತ್ತಾರೆ, ಆ್ಯಪ್ ಅವರ ಅಂಗಡಿಯಿಂದಷ್ಟೇ ಬರಬೇಕು, ಅಂಗಡಿಯಿಂದ ಅವರೇ ಅದನ್ನು ತೆಗೆದಿದ್ದಾರೆ. ಬೇರೆ ಕಂಪನಿಯ ಫೋನಿಗೆ ಹಾಕಿಕೊಡಿ ಎಂದೆ. ಸಾಧ್ಯವಿಲ್ಲವಂತೆ. ಆ್ಯಪ್ ಮಾಡಿದ್ದ ಆ ಅಕ್ಕನಿಗೆ ಫೋನು ಮಾಡಿದೆ. ಒಬ್ಬರ ದನಿ ಅವರ ಹತ್ತಿರವೇ ಇರಬೇಕೆಂಬ ಒಳ್ಳೆಯ ಬುದ್ಧಿಯಿಂದ ಆ ಹುಡುಗಿ ಯಾರ ದನಿಯನ್ನೂ ತನ್ನಲ್ಲಿ ಇಟ್ಟುಕೊಂಡಿರಲಿಲ್ಲ. "ಆಂಟಿ, ಆ ಒಂದು ಸಾಲು ನಾವು ಹಾಕ್ಬಾರ್ದಿತ್ತು," ಎಂದು ಅತ್ತಳು. ನನಗೆ ಕೋಪ ಬಂದದ್ದು ಅವಳ ಮೇಲಲ್ಲ.

ತಮ್ಮ ಆದೇಶವನ್ನು ನಾನು ಎರಡು ಸಲ ಓದಿದ್ದೇನೆ. ಅಂಗಡಿ ಕಟ್ಟಿದವರು ಬಾಡಿಗೆ ಕೇಳುವುದು ಸಹಜ ಎಂದಿದ್ದೀರಿ. ಒಪ್ಪಿದೆ. ಹೂವಿನ ಮಾರುಕಟ್ಟೆಯಲ್ಲೂ ಕಮಿಷನ್ ಇತ್ತು, ನಮ್ಮ ಮನೆ ನಡೆದದ್ದೂ ಅದರಲ್ಲೇ. ಆದರೆ ಅಲ್ಲಿ ಬೆಲೆ ಹಿಡಿಸದಿದ್ದರೆ ಬೆಳೆಗಾರ ಬುಟ್ಟಿ ಎತ್ತಿಕೊಂಡು ಹೊರಗೆ ರಸ್ತೆಬದಿಯಲ್ಲಿ ಕೂತು ಮಾರಬಹುದಿತ್ತು. ಹೊರಗೆ ಅಗ್ಗಕ್ಕೆ ಕೊಡುತ್ತೇನೆ ಎಂದು ಗಿರಾಕಿಯ ಕಿವಿಯಲ್ಲಿ ಹೇಳಿದ್ದಕ್ಕೆ ಯಾರೂ ಅವನನ್ನು ಗೇಟಿನಿಂದ ಆಚೆ ಹಾಕುತ್ತಿರಲಿಲ್ಲ. ಹಾಕಿದರೂ, ಅವನಿಂದ ಹಿಂದಿನ ವಾರ ಕೊಂಡ ಹೂವನ್ನು ಗಿರಾಕಿಯ ಮನೆಯಿಂದ ಕಿತ್ತುಕೊಂಡು ಬರುತ್ತಿರಲಿಲ್ಲ. ಬಾಡಿಗೆ ಬೇರೆ, ಬಾಯಿಗೆ ಬೀಗ ಬೇರೆ ಎಂಬುದು ಹರಾಜುಕಟ್ಟೆಯಲ್ಲಿ ಮೂಟೆ ಹೊರುವವನಿಗೂ ತಿಳಿಯುತ್ತಿತ್ತು. ಆಯೋಗಕ್ಕೆ ತಿಳಿಯಲು ಇನ್ನೆಷ್ಟು ಸಮಿತಿಗಳು ಬೇಕು?

ಬಾಗಿಲು ತೆರೆದಿಟ್ಟರೆ ಕಳ್ಳರು ನುಗ್ಗುತ್ತಾರೆ, ಗ್ರಾಹಕರ ಸುರಕ್ಷತೆಗಾಗಿಯೇ ಈ ಮುಚ್ಚಿದ ವ್ಯವಸ್ಥೆ ಎಂಬ ಕಂಪನಿಯ ವಾದವನ್ನೂ ತಾವು ಮೆಚ್ಚಿಕೊಂಡಿದ್ದೀರಿ. ಕಳ್ಳರು ಇರುವುದು ಸುಳ್ಳಲ್ಲ, ನನ್ನ ತಂಗಿಯೇ ಒಮ್ಮೆ ಮೋಸದ ಆ್ಯಪ್‌ಗೆ ಸಿಕ್ಕಿ ಅನುಭವಿಸಿದ್ದಾಳೆ. ಆದರೆ ನಮ್ಮ ಮನೆಗೆ ಇದುವರೆಗೆ ಯಾವ ಕಳ್ಳನೂ ಬಂದಿಲ್ಲ. ಹೋದದ್ದು ಒಂದೇ, ಅದೂ ಕಾವಲುಗಾರನ ಕೈಯಿಂದಲೇ. ಅವನ ಮೇಲೆ ದೂರು ಕೊಟ್ಟರೆ, ಕಾವಲು ಬಹಳ ಬಿಗಿಯಾಗಿದೆ ಎಂದು ತಾವು ಅವನ ಬೆನ್ನು ತಟ್ಟಿ ಕಳಿಸಿದಿರಿ. ಇನ್ನು "ಇಷ್ಟವಿಲ್ಲದವರು ಬೇರೆ ಫೋನನ್ನು ಆಯ್ದುಕೊಳ್ಳಲು ಸ್ವತಂತ್ರರು" ಎಂಬ ತಮ್ಮ ಮಾತು. ಆಯ್ದುಕೊಳ್ಳೋಣ, ಸ್ವಾಮಿ. ಬೇರೆ ಫೋನು ಯಾವ ಬೀದಿಯಲ್ಲಾದರೂ ಸಿಗುತ್ತದೆ. ಬೇರೆ ಗಂಟಲು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನೂ ಆದೇಶದಲ್ಲೇ ಬರೆದಿದ್ದರೆ ಉಪಕಾರವಾಗುತ್ತಿತ್ತು.

ಕಂಪನಿಯೇನೂ ಕಲ್ಲುಮನಸ್ಸಿನದಲ್ಲ. ಆಗಿರುವ ಅನನುಕೂಲಕ್ಕೆ ವಿಷಾದಿಸಿ, ತನ್ನದೇ ಮಾತನಾಡುವ ಆ್ಯಪ್ ಒಂದಿದೆ, ಬಳಸಿ ನೋಡಿ ಎಂದು ಸೂಚಿಸಿತು. ಹಾಕಿಕೊಂಡೆವು. ಬಹುಮಹಡಿ ಕಟ್ಟಡದ ಲಿಫ್ಟಿನಲ್ಲಿ ಮಹಡಿ ಹೇಳುವ ದನಿಯಂಥ ದನಿ. ಇವರು ನನ್ನ ಹೆಸರನ್ನು ಬರೆದು ಒತ್ತಿದರು. ಅಡುಗೆಮನೆಯಲ್ಲಿದ್ದ ನಾನು ಟಿ.ವಿ. ಇರಬೇಕೆಂದುಕೊಂಡು ತಿರುಗಿಯೂ ನೋಡಲಿಲ್ಲ. ಇವರು ಬಂದು ನನ್ನ ಭುಜ ಮುಟ್ಟಿ, ಫೋನನ್ನು ತೋರಿಸಿ, ನನ್ನ ಮುಖ ನೋಡಿದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಈಗ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ನಾನು ಬೆನ್ನು ಹಾಕಿದ್ದರೆ ಸುಮ್ಮನೆ ಕಾಯುತ್ತಾರೆ. ಊರು ಕೇಳುವಂತೆ ಕೂಗುತ್ತಿದ್ದವರು ಹೆಂಡತಿ ತಿರುಗುವುದನ್ನು ಕಾದು ನಿಲ್ಲುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಇದನ್ನೇ ಹೇಳಲು ನಾವು ತಮ್ಮ ಬಹಿರಂಗ ವಿಚಾರಣೆಗೆ ಬಂದದ್ದು. ತಮಗೆ ನೆನಪಿರಲಾರದು, ಅಂದು ಸಭಾಂಗಣ ತುಂಬಿತ್ತು. ಕಂಪನಿಯ ಕಡೆ ವಕೀಲರ ಒಂದು ಸಾಲೇ ಕೂತಿತ್ತು, ಅವರಿಗೆ ನೀರಿನ ಬಾಟಲಿಗಳಿದ್ದವು. ಅರ್ಜಿ ನನ್ನ ಗಂಡನ ಹೆಸರಿನಲ್ಲಿತ್ತು. ಇವರು ಹಲಗೆಯ ತುಂಬ ಬರೆದುಕೊಂಡು ಎದ್ದು ನಿಂತರು, ಓದಿ ಹೇಳಲು ನಾನೂ ಎದ್ದೆ. ವಕೀಲರೊಬ್ಬರು, "ಇದು ಮೌಖಿಕ ವಿಚಾರಣೆ. ಓದುತ್ತಿರುವುದು ಅರ್ಜಿದಾರರ ಮಾತೋ ಅವರ ಹೆಂಡತಿಯ ಮಾತೋ ಗೊತ್ತಾಗೋದು ಹೇಗೆ?" ಎಂದು ಆಕ್ಷೇಪಿಸಿದರು. ತಾವು ತಲೆಯಾಡಿಸಿ, "ಅಮ್ಮಾ, ನೀವು ಕೂತ್ಕೊಳ್ಳಿ. ಅವರೇ ಮಾತಾಡ್ಲಿ," ಎಂದಿರಿ.

ಇವರು ಬಾಯಿ ತೆರೆದರು. ಆಪರೇಷನ್ನಿನಲ್ಲಿ ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ರಂಧ್ರದಿಂದ ಗಾಳಿ ಹೊರಟಿತು. ತಾವು ಗಡಿಯಾರ ನೋಡಿದಿರಿ. ಆಗ ಇವರು ಹಲಗೆಯನ್ನು ಕೆಳಗಿಟ್ಟು, ಎದುರಿನ ಮೇಜನ್ನು ಅಂಗೈಯಿಂದ ಮೂರು ಸಲ ಬಡಿದರು. ತಮ್ಮ ಜವಾನ ಓಡಿ ಬಂದು, "ಸಿಟ್ಟು ಮಾಡ್ಕೊಳ್ಬೇಡಿ ಯಜಮಾನ್ರೇ, ಬನ್ನಿ," ಎಂದು ತೋಳು ಹಿಡಿದು ಕೂರಿಸಿದ. ಆದೇಶದಲ್ಲಿ ಆ ಹೊತ್ತಿನ ಬಗ್ಗೆ ಒಂದೇ ವಾಕ್ಯವಿದೆ: "ಅವಕಾಶ ನೀಡಿದರೂ ಅರ್ಜಿದಾರರು ಏನನ್ನೂ ಹೇಳಲಿಲ್ಲ."

ಇದು ತಪ್ಪು. ಇಡೀ ಉದ್ಯೋಗವನ್ನು ಮಾತು ಬರೆದುಕೊಳ್ಳುವುದರಲ್ಲೇ ಕಳೆದವಳಾಗಿ ಹೇಳುತ್ತಿದ್ದೇನೆ, ಆ ವಾಕ್ಯ ದಾಖಲೆಯಲ್ಲಿ ಉಳಿಯಬಾರದು. ಶುಲ್ಕ ಇಳಿಸಿ ಎಂದು ನಾನು ಕೇಳುವುದಿಲ್ಲ, ಇಳಿಸುವುದಿಲ್ಲ. ಬೀಗ ತೆಗೆಸಿ ಎಂದೂ ಇನ್ನು ಕೇಳುವುದಿಲ್ಲ. ಆ ದನಿಯನ್ನು ನಾನು ಮತ್ತೆ ಕೇಳುವ ನಂಬಿಕೆ ನನಗಿಲ್ಲ. ನನ್ನ ಬೇಡಿಕೆ ಒಂದೇ. ಆ ವಾಕ್ಯವನ್ನು ಹೊಡೆದುಹಾಕಿ, ನಡೆದದ್ದನ್ನು ಬರೆಸಿ: ಅರ್ಜಿದಾರರು ಆಯೋಗದ ಎದುರು ಮೂರು ಸಲ ಮೇಜು ಬಡಿದರು. ಅವರು ಜೀವಮಾನವೆಲ್ಲ ನಿಂತ ಕಟ್ಟೆಯಲ್ಲಿ ಹಾಗೆ ಬಡಿದರೆ ಅದಕ್ಕೊಂದೇ ಅರ್ಥ, ಅದನ್ನೂ ಪಕ್ಕದಲ್ಲಿ ಬರೆಸಿ: ಹರಾಜು ಮುಗಿಯಿತು, ಮಾಲು ಮಾರಾಟವಾಯಿತು.

ಇಂತಿ,
ಮಾತು ಬರುವ ತಪ್ಪಿಗಾಗಿ ಕೂತುಕೊಳ್ಳಿ ಎನಿಸಿಕೊಂಡ
ಅರ್ಜಿದಾರರ ಹೆಂಡತಿ