ಸತ್ಯವ್ವ ಕೂರುತ್ತಿದ್ದ ಜಾಗ

ಖಾನಾಪುರ
ಸೋಮವಾರ, 10 ಡಿಸೆಂಬರ್ 1979

ಪ್ರೀತಿಯ ಮಗಳು ಕಾಂತಾಳಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಕರ್ತನ ದಯೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಎಡಗೈಗೆ ಈಗ ಬಿಸಿ ತಂಪು ತಿಳಿಯುತ್ತದೆಯೇ? ಹಿಂಡಲಗಾದ ದವಾಖಾನೆಯಲ್ಲಿ ಚಳಿ ಬಹಳವಂತೆ. ಒಲೆಗೆ ಕೈ ಕಾಯಿಸಬೇಡ ತಾಯಿ, ಸುಟ್ಟರೂ ನಿನಗೆ ಗೊತ್ತಾಗುವುದಿಲ್ಲ. ನಿನ್ನಪ್ಪ ಹೆಂಚಿನ ಕಾರ್ಖಾನೆಯಿಂದ ಬಂದವರು ಕಾಲು ಸಹ ತೊಳೆಯದೆ ನಿನ್ನ ಪತ್ರ ಓದಿದರು. ಚಹಾ ಆರಿ ಹೋಯಿತು, ಅದಕ್ಕೂ ನನಗೇ ಬೈದರು.

ಕುಷ್ಠ ಪೂರ್ತಿ ವಾಸಿಯಾಗಿದೆ, ಕ್ರಿಸ್‌ಮಸ್‌ಗೆ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾಗಿ ಬರೆದಿದ್ದೀ. ಆದರೆ ಅಲ್ಲೇ ಹೊಲಿಗೆ ಕೆಲಸ ಮಾಡಿಕೊಂಡು ಇದ್ದುಬಿಡಲೇ ಎಂದೂ ಕೇಳಿದ್ದೀ. "ಗುಡಿಯೊಳಗ ಮಂದಿ ನನ್ನ ಬಾಜು ಕುಂದರ್ತಾರೇನವ್ವಾ?" ಎಂಬ ನಿನ್ನ ಒಂದು ಸಾಲು ನನ್ನ ನಿದ್ದೆ ಕೆಡಿಸಿದೆ.

ನಿನಗೆ ಸತ್ಯವ್ವನ ನೆನಪಿದೆಯಲ್ಲ? ಆಕೆಯೂ ಅದೇ ದವಾಖಾನೆಯಿಂದ ವಾಸಿಯಾಗಿ ಬಂದವಳು. ನಾವು ಹಬ್ಬಕ್ಕೆ ಕರ್ಚಿಕಾಯಿ ಕೊಟ್ಟು ಕಳಿಸುತ್ತಿದ್ದೆವು, ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೆವು. ಆದರೆ ಚರ್ಚಿನಲ್ಲಿ ಹೆಂಗಸರ ಜಮಖಾನೆಯ ಮೇಲೆ ಆಕೆಯ ಸುತ್ತ ಜಾಗ ಬಿಟ್ಟೇ ಕೂರುತ್ತಿದ್ದೆವು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಇವತ್ತಿಗೂ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ಮಕ್ಕಳು ಕೂಡ ಅದನ್ನು ಸುತ್ತುಹಾಕಿ ಓಡುತ್ತವೆ. ಆಕೆ ಪ್ರತಿ ಹಾಡಿನ ಕೊನೆಯ ಸಾಲನ್ನು ಎಲ್ಲರಿಗಿಂತ ತಡವಾಗಿ ಮುಗಿಸುತ್ತಿದ್ದಳು. ಈಗಲೂ ಹಾಡು ಮುಗಿದ ಮೇಲೆ ನಾವೆಲ್ಲ ಸುಮ್ಮನೆ ತಡೆಯುತ್ತೇವೆ. ಆ ಒಂದು ಗಳಿಗೆ ನನಗೆ ಆಕೆಯ ದನಿ ಕೇಳಿಸುತ್ತದೆ ಕಾಂತಾ. ಹೆದರಿಕೆಯಾಗುತ್ತದೆ.

ಹೋದ ವಾರ ಹೊಸ ಪಾಸ್ಟರು ಒಬ್ಬರನ್ನೊಬ್ಬರು ಪ್ರೀತಿಸುವ ಮಾತಿನ ಮೇಲೆ ಪ್ರಸಂಗ ಮಾಡಿದರು. ಬಾಗಿಲಲ್ಲಿ ನಿಂತವರನ್ನು ಕಂಡು, "ಮುಂದ ಸರದು ಕುಂದರ್ರಿ, ಅಲ್ಲಿ ಜಾಗಾ ಖಾಲಿ ಐತೆಲ್ಲಾ" ಅಂದರು. ಯಾರೂ ಅಲುಗಲಿಲ್ಲ. ನಮ್ಮ ಸಭೆಯ ಹಿರಿಯಳು ಭರಮವ್ವ ತಲೆ ತಗ್ಗಿಸಿಕೊಂಡೇ, "ಅದು ಖಾಲಿ ಇಲ್ರಿ" ಅಂದಳು.

ವಾಸಿಯಾಯಿತೆಂದು ಮಾತ್ರೆ ತಪ್ಪಿಸಬೇಡ. ನಿನ್ನ ವಾರ್ಡಿನ ಎಲ್ಲರಿಗೂ ನಮ್ಮ ವಂದನೆ ತಿಳಿಸು. ದೇವರು ನಿನ್ನ ಕೈಕಾಲು ಕಾಯಲಿ.

ನಿನ್ನ ಅವ್ವ,
ಸಾವಂತ್ರವ್ವ

ತಾ.ಕ.: ಅಂಚೆಯವ ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನೆ ಆರಾಧನೆಯಲ್ಲಿ ನಾನು ಹೋಗಿ ಸತ್ಯವ್ವನ ಜಾಗದಲ್ಲಿ ಕೂತೆ. ಸುಳ್ಳು ಹೇಳಿ ನಿನ್ನನ್ನು ಕರೆಯಲಾರೆ: ಯಾರೂ ಹತ್ತಿರ ಸರಿಯಲಿಲ್ಲ, ಭರಮವ್ವ ಸಹ. ನೀನು ಶನಿವಾರದ ಬಸ್ಸಿಗೆ ಬಾ. ಕೂತು ನೋಡಿದ್ದೇನೆ, ಅಲ್ಲಿ ನಾವಿಬ್ಬರೂ ಕಾಲು ಚಾಚಿ ಕೂರುವಷ್ಟು ಜಾಗವಿದೆ.